ಹಳೆ ಜೀಪಿನ ಸ್ಟೀರಿಂಗ್ ನಡುಕ: ಡ್ಯಾಂಪರ್ ಹಾಕುವ ಮುಂಚೆ ಕಿಂಗ್ ಪಿನ್ ನೋಡಿ

ಗಂಟೆಗೆ 45–50 ಕಿ.ಮೀ. ವೇಗ. ಮುಂದಿನ ಒಂದು ಚಕ್ರ ಸಣ್ಣ ಗುಂಡಿಗೆ ಇಳಿದು ಎದ್ದ ಕೂಡಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬಡಿದುಕೊಳ್ಳಲು ಶುರು. ಬ್ರೇಕ್ ಒತ್ತಿ ವೇಗ ಚೆನ್ನಾಗಿ ಇಳಿಸುವ ತನಕ ನಿಲ್ಲುವುದಿಲ್ಲ. ಮಹೀಂದ್ರದ ಹಳೆಯ ಜೀಪು ಇಟ್ಟುಕೊಂಡವರಿಗೆ ಈ ನಡುಕದ ಪರಿಚಯ ಮಾಡಿಕೊಡಬೇಕಾಗಿಲ್ಲ. ಗ್ಯಾರೇಜಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಪರಿಹಾರ ಒಂದೇ: ಚಕ್ರಗಳನ್ನು ತಿರುಗಿಸುವ ಸರಳಿಗೆ, ಅಂದರೆ ಟೈ ರಾಡಿಗೆ, ನಡುಕ ಹೀರುವ ಒಂದು ಸ್ಟೀರಿಂಗ್ ಡ್ಯಾಂಪರ್. ಹಾಕಿದ ಮೇಲೆ ಸ್ವಲ್ಪ ದಿನ ಗಾಡಿ ಸುಮ್ಮನಿರುತ್ತದೆ. ಆಮೇಲೆ ನಡುಕ ಮತ್ತೆ ಬರುತ್ತದೆ, ಮೊದಲಿಗಿಂತ ಜೋರಾಗಿ. ಅಷ್ಟು ದಿನವೂ ಒಳಗಿನ ಸವೆತ ನಡೆದೇ ಇತ್ತು, ಡ್ಯಾಂಪರ್ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಈ ಜೀಪಿನ ಮುಂದಿನ ಆಕ್ಸಲ್ ರೂಪಿಸಿದವರು ನಡುಕ ತಡೆಯುವ ಏರ್ಪಾಡನ್ನು ಅದರೊಳಗೇ ಇಟ್ಟಿದ್ದಾರೆ. ಚಕ್ರ ಎಡಬಲ ತಿರುಗುವುದು ಕಿಂಗ್ ಪಿನ್ ಎಂಬ ಗೂಟಗಳ ಸುತ್ತ, ಮೇಲೊಂದು ಕೆಳಗೊಂದು ಟೇಪರ್ ರೋಲರ್ ಬೇರಿಂಗ್‌ಗಳ ಮೇಲೆ. ಅವನ್ನು ಸಡಿಲವಾಗಿ ಬಿಡುವಂತಿಲ್ಲ, ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳ ಮೂಲಕ ನಿರ್ದಿಷ್ಟ ಬಿಗಿಯಲ್ಲಿ ಕೂರಿಸಬೇಕು. ಆ ಬಿಗಿಯಿಂದ ಹುಟ್ಟುವ ಸಣ್ಣ ತಡೆಯೇ ಮೂಲ ಡ್ಯಾಂಪರ್. ಬೇರಿಂಗ್ ಸವೆದು ಬಿಗಿ ಸೊನ್ನೆಗೆ ಇಳಿದಾಗ ಗುಂಡಿಯ ಒಂದು ಹೊಡೆತಕ್ಕೆ ಚಕ್ರ ಲೋಲಕದ ಹಾಗೆ ಆಡುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಕಿಂಗ್ ಪಿನ್ನಿನಿಂದ. ಮನೆಯಲ್ಲೇ ಮಾಡಬಹುದಾದ ಕೆಲಸವಿದು, ಒಂದು ಬದಿಗೆ ಒಂದು ದಿನ ಇಟ್ಟುಕೊಳ್ಳಿ.

ಇಲ್ಲಿ ಹೇಳುವುದು ಸಿಜೆ-3ಬಿ ವಂಶದ ಗಾಡಿಗಳಿಗೆ, ಅಂದರೆ ಮುಂದಿನ ಆಕ್ಸಲ್ ತುದಿಯಲ್ಲಿ ದೊಡ್ಡ ಕಬ್ಬಿಣದ ಗುಂಡು ಇದ್ದು, ಅದರ ಮೇಲೆ ಚಕ್ರ ಹೊತ್ತು ತಿರುಗುವ ‘ನಕಲ್’ (knuckle) ಟೊಪ್ಪಿಯ ಹಾಗೆ ಮುಚ್ಚಿಕೊಂಡಿರುವ ವಿನ್ಯಾಸಕ್ಕೆ. ಅಮೆರಿಕದಲ್ಲಿ ವಿಲ್ಲೀಸ್ ಸಿಜೆ-3ಬಿ ತಯಾರಾದದ್ದು 1953ರಿಂದ 1968ರವರೆಗೆ. ನಮ್ಮಲ್ಲಿ ಮಹೀಂದ್ರ ಅದೇ ಮೂಳೆಗಟ್ಟಿನ ಮೇಲೆ ಆಮೇಲೂ ದಶಕಗಳ ಕಾಲ ಜೀಪು ಕಟ್ಟಿತು. ಮಲೆನಾಡಿನ ತೋಟಗಳಲ್ಲಿ, ಕೊಡಚಾದ್ರಿ ಮತ್ತು ಮಾಂದಲಪಟ್ಟಿಯ ಏರುದಾರಿಗಳಲ್ಲಿ ಇವತ್ತಿಗೂ ದುಡಿಯುವ ಹಳೆ ಜೀಪುಗಳಲ್ಲಿ ಈ ತರಹದ ಆಕ್ಸಲ್ ಸಿಗುತ್ತದೆ. ಮೂಲ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಗಾಡಿಗಳೇ ಹೆಚ್ಚು. ಮುಂಭಾಗದ ಭಾರ ಏರಿದಷ್ಟೂ ಕಿಂಗ್ ಪಿನ್ ಬೇಗ ಸವೆಯುತ್ತದೆ ಅನ್ನುವುದು ನೆನಪಿರಲಿ. ವರ್ಷದಿಂದ ವರ್ಷಕ್ಕೆ, ಮಾದರಿಯಿಂದ ಮಾದರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಬಿಚ್ಚುವ ಮುಂಚೆ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಬಿಚ್ಚುವ ಮೊದಲು

ಎರಡೂ ಮುಂದಿನ ಟೈರಿನ ಗಾಳಿ ಒಂದೇ ಇರಬೇಕು. ಇದು ಸಣ್ಣ ಮಾತಲ್ಲ, ಒಂದು ಬದಿ 5–6 ಪೌಂಡ್ ಕಡಿಮೆ ಇದ್ದರೂ ನಡುಕ ಬರುತ್ತದೆ. ಟೈರು ಗುಂಡಗಿದೆಯೋ ಎಲ್ಲಾದರೂ ಉಬ್ಬಿದೆಯೋ ನೋಡಿ. ಮುಂದಿನ ಎರಡು ಟೈರುಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕದ ರೀತಿ ಬದಲಾದರೆ ತಪ್ಪಿನ ಒಂದು ಪಾಲು ಟೈರಿನದು.

ಆಮೇಲೆ ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ. ಮಲೆನಾಡಿನ ಅಂಗಳದ ಮಣ್ಣು ಮಳೆಗಾಲದಲ್ಲಿ ಜಾಕನ್ನು ನುಂಗುತ್ತದೆ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಚಕ್ರವನ್ನು ಮೇಲ್ತುದಿ ಕೆಳತುದಿಯಲ್ಲಿ ಹಿಡಿದು ಒಳಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಅಂತ ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್. ಒತ್ತಿದ ಮೇಲೂ ಉಳಿದರೆ ಕಿಂಗ್ ಪಿನ್. ಗುಂಡು ಮತ್ತು ನಕಲ್ ನಡುವೆ ಬೆರಳಿಟ್ಟುಕೊಂಡರೆ ಆ ಆಟ ಬೆರಳಿಗೇ ತಾಗುತ್ತದೆ.

ಇನ್ನೊಂದು ಪರೀಕ್ಷೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಚಕ್ರ ನೆಲದ ಮೇಲಿರುವಾಗ ಒಬ್ಬರು ಸ್ಟೀರಿಂಗನ್ನು ಎಡಬಲ ಸ್ವಲ್ಪ ಸ್ವಲ್ಪವೇ ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದವರೆಗೆ ಒಂದೊಂದೇ ಕೀಲು ನೋಡುತ್ತಾ ಹೋಗಲಿ: ಬಾಕ್ಸಿನ ಆರ್ಮ್, ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್‌ಗಳು. ಹಳೆಯ ವಿನ್ಯಾಸದಲ್ಲಿ ಬೆಲ್ ಕ್ರ್ಯಾಂಕ್ ಒಂದು ಪಿನ್ನಿನ ಮೇಲೆ ಸೂಜಿ ಬೇರಿಂಗ್‌ಗಳಲ್ಲಿ ತಿರುಗುತ್ತದೆ, ಗ್ರೀಸ್ ಕಾಣದೆ ಇದ್ದರೆ ಮೊದಲು ಹೋಗುವುದು ಅದೇ. ಎರಡು ಟೈ ರಾಡುಗಳೂ ಅದಕ್ಕೇ ಕಟ್ಟಿಕೊಂಡಿರುವುದರಿಂದ ಅಲ್ಲಿ ಒಂದು ಮಿ.ಮೀ. ಆಟ ಬಂದರೆ ಎರಡೂ ಚಕ್ರಕ್ಕೆ ಹಂಚುತ್ತದೆ. ಪ್ಲೇಟುಗಳ (ಲೀಫ್ ಸ್ಪ್ರಿಂಗ್) ಯು ಬೋಲ್ಟು, ಪ್ಲೇಟಿನ ತುದಿಯನ್ನು ಚಾಸಿಗೆ ಕಟ್ಟುವ ಕೊಂಡಿಯಾದ ಶ್ಯಾಕಲ್ಲಿನ ಬುಷ್ ಕೂಡ ಇದೇ ಸುತ್ತಿನಲ್ಲಿ ನೋಡಿ. ಸ್ಟೀರಿಂಗ್ ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಮಾತ್ರ ಈಗ ಮುಟ್ಟಬೇಡಿ. ಉಳಿದ ಕಡೆಯ ಆಟವನ್ನು ಬಾಕ್ಸ್ ಬಿಗಿ ಮಾಡಿ ಸರಿಪಡಿಸಲು ಹೋದರೆ ಬಾಕ್ಸ್ ನಡುಭಾಗದಲ್ಲಿ ಸವೆದು ಹಾಳಾಗುತ್ತದೆ, ಅದರ ರಿಪೇರಿ ಇದಕ್ಕಿಂತ ದುಬಾರಿ.

ಸಾಮಾನು

ಒಂದು ಆಕ್ಸಲ್‌ಗೆ ಕಿಂಗ್ ಪಿನ್ ಬೇರಿಂಗ್ 4 ಜೊತೆ. ಈ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ ಕೂರುವುದು ಕೋನ್ (ರೋಲರ್ ಇರುವ ಒಳಭಾಗ) 11590, ಕಪ್ (ಹೊರಗಿನ ಬಳೆ) 11520. ವೀಲ್ ಬೇರಿಂಗ್ ಕೋನ್ 18590, ಕಪ್ 18520. ಅಂಗಡಿಯಲ್ಲಿ ‘ಜೀಪಿನ ಕಿಂಗ್ ಪಿನ್ ಬೇರಿಂಗ್’ ಅಂತ ಕೇಳುವ ಬದಲು ನಂಬರ್ ಹೇಳಿ ಕೇಳಿ. ಹಳೆಯದರ ಮೇಲಿನ ನಂಬರ್ ಓದಲು ಬರುತ್ತಿದ್ದರೆ ಅದೇ ಅಂತಿಮ. ಬರದಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ: 11590ರ ಒಳರಂಧ್ರ 15.875 ಮಿ.ಮೀ., 11520ರ ಹೊರ ವ್ಯಾಸ 42.86 ಮಿ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ, ಆದರೆ ಒಳ್ಳೆಯ ಕಂಪನಿಯದೇ ತೆಗೆದುಕೊಳ್ಳಿ. ಇಡೀ ಕೆಲಸದಲ್ಲಿ ಕಾಸು ಉಳಿಸಬಾರದ ಜಾಗ ಇದೊಂದೇ.

ಜೊತೆಗೆ ಗುಂಡಿನ ಸೀಲ್ ಕಿಟ್ ಎರಡು, ಆಕ್ಸಲ್ ಟ್ಯೂಬಿನ ಒಳಸೀಲ್ ಎರಡು, ಹಬ್ ಸೀಲ್ ಎರಡು, ಹಬ್ ಕೂರುವ ಟೊಳ್ಳು ಕೊಳವೆಯಾದ ಸ್ಪಿಂಡಲ್ಲಿನ ಬುಷ್ ಎರಡು, ಹಬ್ ನಟ್ಟಿನ ಲಾಕ್ ವಾಷರ್, ಗ್ಯಾಸ್ಕೆಟ್ ಕಾಗದ. ಶಿಮ್ ಸೆಟ್ ಇರಲೇಬೇಕು: 0.003, 0.005, 0.010 ಮತ್ತು 0.030 ಇಂಚು ದಪ್ಪದವು, ಅಂದರೆ ಸುಮಾರು 0.08, 0.13, 0.25, 0.76 ಮಿ.ಮೀ. ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯೂ ಒಂದು ಬೇಕು, ಎಲ್ಲಕ್ಕಿಂತ ಮುಖ್ಯ ಉಪಕರಣ ಅದೇ.

ಬಿಚ್ಚುವುದು

ಚಕ್ರದ ನಟ್ಟಿನ ಬಗ್ಗೆ ಒಂದು ಎಚ್ಚರಿಕೆ. ಕೆಲವು ಹಳೆಯ ಗಾಡಿಗಳಲ್ಲಿ ಎಡಬದಿಯ ಸ್ಟಡ್‌ಗಳಿಗೆ ಎಡಮರೆ (ಉಲ್ಟಾ ಥ್ರೆಡ್) ಇರುತ್ತದೆ, ಸ್ಟಡ್ಡಿನ ತಲೆಯಲ್ಲಿ ‘ಎಲ್’ ಅಕ್ಷರ ಕೊರೆದಿರುತ್ತದೆ. ಗೊತ್ತಿಲ್ಲದೆ ಉದ್ದ ಪೈಪ್ ಹಾಕಿ ಎಂದಿನ ದಿಕ್ಕಿಗೆ ತಿರುಗಿಸಿದರೆ ಸ್ಟಡ್ ಮುರಿದು ಕೈಗೆ ಬರುತ್ತದೆ.

ಚಕ್ರ ಕಳಚಿ, ಹಬ್ ಮೇಲಿನ ಡ್ರೈವ್ ಫ್ಲ್ಯಾಂಜ್ ಅಥವಾ ಫ್ರೀ ವೀಲ್ ಹಬ್ ಬಿಚ್ಚಿ. ಒಳಗೆ ಲಾಕ್ ನಟ್ಟು, ಬಗ್ಗಿಸಿದ ವಾಷರ್, ಅದರ ಹಿಂದೆ ಅಡ್ಜಸ್ಟಿಂಗ್ ನಟ್ಟು. ಇದರ ಅಳತೆ 2 1/16 ಇಂಚು, ಇದಕ್ಕೆ ಆಳದ ಬಾಕ್ಸ್ ಪಾನ ಬೇಕು. ಹೆಚ್ಚಿನ ಜೀಪುಗಳಲ್ಲಿ ಈ ನಟ್ಟಿನ ಆರೂ ಮೂಲೆ ಉಳಿ ಸುತ್ತಿಗೆಯ ಏಟಿಗೆ ಚಪ್ಪಟೆಯಾಗಿರುತ್ತದೆ, ಮರೆಯ ಮೇಲೂ ಗಾಯವಾಗಿರುತ್ತದೆ. ಉಳಿಯಿಂದ ಹೊಡೆದು ಕೂರಿಸಿದ ನಟ್ಟಿನಲ್ಲಿ ಬೇರಿಂಗ್ ಬಿಗಿ ಎಷ್ಟಿದೆ ಅಂತ ಹೊಡೆದವರಿಗೂ ತಿಳಿದಿರುವುದಿಲ್ಲ. ಸರಿಯಾದ ಪಾನ ಸಿಗದಿದ್ದರೆ ದಪ್ಪ ಪೈಪಿನ ತುದಿಗೆ ಷಟ್ಕೋನ ಬರುವಂತೆ ಲೇತ್ ಅಂಗಡಿಯಲ್ಲಿ ವೆಲ್ಡ್ ಮಾಡಿಸಿಕೊಳ್ಳಿ. ಒಮ್ಮೆ ಮಾಡಿದರೆ ಗಾಡಿಯ ಆಯುಷ್ಯಕ್ಕೆ ಸಾಕು.

ಡ್ರಮ್ ಹೊರಬಂದ ಮೇಲೆ ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಯಾಕ್ ಪ್ಲೇಟ್ ಮತ್ತು ಸ್ಪಿಂಡಲ್ ಹಿಡಿದಿರುವ ಆರು ಬೋಲ್ಟು ತೆಗೆದರೆ ಪ್ಲೇಟು ಬಿಡುತ್ತದೆ. ಬ್ರೇಕ್ ಹೋಸ್ ಬಿಚ್ಚದೆ ಅದನ್ನು ಹಾಗೇ ಮೇಲೆತ್ತಿ ಚಾಸಿಗೆ ತಂತಿಯಿಂದ ಕಟ್ಟಿ, ಹೋಸ್ ಮೇಲೆ ಭಾರ ಬೀಳದಿರಲಿ. ಹೀಗೆ ಮಾಡಿದರೆ ಬ್ರೇಕಿನ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ. ಸ್ಪಿಂಡಲ್ ಅಂಟಿಕೊಂಡಿದ್ದರೆ ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ಬಡಿಯಿರಿ. ಆಮೇಲೆ ಆಕ್ಸಲ್ ಶಾಫ್ಟ್ ಜಾಯಿಂಟ್ ಸಮೇತ ನೇರಕ್ಕೆ ಹೊರಗೆ ಎಳೆಯಿರಿ. ಓರೆಯಾಗಿ ಎಳೆದರೆ ಸ್ಪ್ಲೈನ್ ಒಳಸೀಲಿನ ತುಟಿ ಕೊಯ್ಯುತ್ತದೆ.

ಈಗ ನಿಂತು ನಕಲ್ ಒಳಗೆ ಏನಿದೆ ನೋಡಿ. ಇಡೀ ಆಕ್ಸಲ್‌ನ ಜಾತಕ ಅಲ್ಲಿದೆ. ಕಪ್ಪು ಮೆತ್ತನೆಯ ಗ್ರೀಸ್ ಇದ್ದರೆ ಸರಿ. ತೆಳ್ಳನೆಯ ಎಣ್ಣೆ ತುಂಬಿದ್ದು, ಅತ್ತ ಡಿಫರೆನ್ಷಿಯಲ್ ಎಣ್ಣೆ ಕಡಿಮೆಯಾಗಿದ್ದರೆ ಟ್ಯೂಬಿನ ಒಳಸೀಲ್ ಹೋಗಿದೆ. ಆ ಎಣ್ಣೆಯೇ ಮುಂದೆ ಸ್ಪಿಂಡಲ್ ದಾಟಿ ಬ್ರೇಕ್ ಲೈನರ್ ನೆನೆಸುತ್ತದೆ, ಗಾಡಿ ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುತ್ತದೆ. ಹಾಲು ಹೆಚ್ಚಾದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಕೆಂಪು ತುಕ್ಕಿನ ಪುಡಿ ಕಂಡರೆ ನೀರು ಸೇರಿ ಬಹಳ ದಿನವಾಗಿದೆ, ಜಾಯಿಂಟೂ ಬದಲಿಸಬೇಕಾದೀತು.

ಟೈ ರಾಡ್ ಎಂಡ್ ಬಿಡಿಸಿ, ಗುಂಡಿನ ಸೀಲ್ ಹಿಡಿದಿರುವ ಅರ್ಧ ಬಳೆಗಳ ಬೋಲ್ಟು ತೆಗೆಯಿರಿ. ಮೇಲಿನ ಕ್ಯಾಪ್, ಕೆಳಗಿನ ಕ್ಯಾಪ್ ಬಿಚ್ಚುವಾಗ ಎರಡು ವಿಷಯ. ಮೇಲಿನ ಶಿಮ್ ಕೆಳಗಿನ ಶಿಮ್ ಬೆರೆಯಬಾರದು, ಬೇರೆ ಬೇರೆ ದಾರಕ್ಕೆ ಪೋಣಿಸಿ ಚೀಟಿ ಕಟ್ಟಿ. ಕೆಳಗಿನ ಕ್ಯಾಪ್ ತೆಗೆದಾಗ ಬೇರಿಂಗ್ ತಾನಾಗಿ ಕೆಳಗೆ ಬೀಳುತ್ತದೆ, ಕೈ ಅಡಿಯಲ್ಲಿರಲಿ. ಹಳೆಯ ಕಪ್ ಒಳಮೈ ಮೇಲೆ ಉಗುರು ಎಳೆದು ನೋಡಿ. ಕಿಂಗ್ ಪಿನ್ ಬೇರಿಂಗ್ ಪೂರ್ತಿ ಸುತ್ತು ಯಾವತ್ತೂ ತಿರುಗುವುದಿಲ್ಲ, ಬಹುಪಾಲು ನೇರ ದಾರಿಯ ಸ್ಥಾನದಲ್ಲೇ ನಿಂತು ಏಟು ತಿನ್ನುತ್ತದೆ. ಅದರಿಂದ ರೋಲರ್‌ಗಳ ಗುರುತು ಕಪ್ ಮೇಲೆ ಸಾಲುಗೆರೆಯಾಗಿ ಮೂಡುತ್ತದೆ, ಉಗುರು ಒಂದೊಂದು ಗೆರೆಗೂ ಟಕ್ ಟಕ್ ಎಂದು ತಡೆಯುತ್ತದೆ. ಇಂಥ ಕಪ್ ಇದ್ದರೆ ಶಿಮ್ ತೆಗೆದು ಬಿಗಿ ಮಾಡಿ ಪ್ರಯೋಜನವಿಲ್ಲ. ನೇರ ಸ್ಥಾನದಲ್ಲಿ ಸರಿ ಅನ್ನಿಸಿದರೂ ತಿರುವಿನಲ್ಲಿ ಬಿಗಿಯಾಗುತ್ತದೆ, ಸ್ಟೀರಿಂಗ್ ನಡುವಿಗೆ ತಾನಾಗಿ ಮರಳುವುದಿಲ್ಲ. ಕೋನ್ ಕಪ್ ಎರಡನ್ನೂ ಒಟ್ಟಿಗೇ ಬದಲಿಸಿ. ಹೊಸ ಕೋನ್‌ಗೆ ಹಳೆ ಕಪ್ ಬೇಡ.

ಗುಂಡಿನ ಹೊರಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿ. ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲ್ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ಗುಳಿಯೊಳಗಿನ ತುಕ್ಕು ಕೆರೆದು, ಥಿನ್ನರ್‌ನಿಂದ ಒರೆಸಿ, ಲೋಹಕ್ಕೆ ಹಚ್ಚುವ ಎರಡು ಟ್ಯೂಬಿನ ಎಪಾಕ್ಸಿ ತುಂಬಿ ಒಂದು ರಾತ್ರಿ ಒಣಗಲು ಬಿಡಿ. ಮರುದಿನ 220, ಆಮೇಲೆ 400 ನಂಬರಿನ ಉಪ್ಪುಕಾಗದ ನೀರು ಹಾಕಿ ತಿಕ್ಕಿ. ಕೈ ಸವರಿದರೆ ಎಪಾಕ್ಸಿ ಎಲ್ಲಿ ಮುಗಿದು ಕಬ್ಬಿಣ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು.

ಶಿಮ್ ಕೂರಿಸುವುದು

ಎಲ್ಲದಕ್ಕಿಂತ ಹೆಚ್ಚು ತಾಳ್ಮೆ ಬೇಕಾದ್ದು ಇಲ್ಲಿ. ಹೆಚ್ಚಿನ ಕಡೆ ಆತುರ ಆಗುವುದೂ ಇಲ್ಲೇ.

ಹೊಸ ಕಪ್‌ಗಳನ್ನು ಗುಂಡಿನ ಮೇಲೂ ಕೆಳಗೂ ಅವುಗಳ ಮನೆಗೆ ಬಡಿದು ಕೂರಿಸಿ. ಹಳೆ ಕಪ್ಪನ್ನೇ ಅಡ್ಡ ಇಟ್ಟು ಬಡಿದರೆ ಹೊಸದಕ್ಕೆ ಏಟಾಗುವುದಿಲ್ಲ. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಬಡಿತ ಮೊಂಡಾಗಿದ್ದದ್ದು ಗಟ್ಟಿ ಲೋಹದ ದನಿಗೆ ಬರುತ್ತದೆ. ಕೋನ್‌ಗಳಿಗೆ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬಿ, ನಕಲ್ ಮುಚ್ಚಿ. ಈ ಹಂತದಲ್ಲಿ ಗುಂಡಿನ ಸೀಲ್ ಹಾಕಬಾರದು, ಆಕ್ಸಲ್ ಶಾಫ್ಟೂ ಒಳಗಿರಬಾರದು, ಟೈ ರಾಡೂ ತಗುಲಿರಬಾರದು. ಸೀಲ್ ಹಿಡಿತ ಸೇರಿಕೊಂಡರೆ ತಕ್ಕಡಿ ತೋರಿಸುವುದು ಬೇರಿಂಗಿನ ಬಿಗಿಯಲ್ಲ.

ಮೇಲಿನ ಕ್ಯಾಪ್ ಕೆಳಗೆ 0.060 ಇಂಚು, ಅಂದರೆ 0.030ರ ಎರಡು ಶಿಮ್. ಕೆಳಗಿನ ಕ್ಯಾಪ್‌ಗೂ ಅಷ್ಟೇ. ಬೋಲ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿ ಮಾಡಿ. ನಕಲ್ಲನ್ನು ಕೈಯಲ್ಲಿ ಹತ್ತು ಹದಿನೈದು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ ರೋಲರ್‌ಗಳು ತಮ್ಮ ಜಾಗಕ್ಕೆ ಕೂರಲಿ. ಈಗ ತಕ್ಕಡಿಯ ಕೊಕ್ಕೆಯನ್ನು ಟೈ ರಾಡ್ ಕೂರುವ ತೂತಿಗೆ ಸಿಕ್ಕಿಸಿ, ಆರ್ಮ್‌ಗೆ ಲಂಬವಾಗಿ ನಿಧಾನಕ್ಕೆ ಎಳೆಯಿರಿ. ಅಲುಗಾಡಲು ಶುರುವಾಗುವ ಕ್ಷಣದ ಅಂಕಿ ಬೇಡ. ತಿರುಗುತ್ತಿರುವಾಗ ನಿಂತಿರುವ ಅಂಕಿ ಓದಿ. ಅದು 2ರಿಂದ 2.5 ಕೆ.ಜಿ. ಬರಬೇಕು. ಪಿನ್ನಿನ ನಡುವಿನಿಂದ ಆ ತೂತಿಗೆ ಸುಮಾರು 150 ಮಿ.ಮೀ. ಇರುವ ಆರ್ಮ್‌ಗೆ ಈ ಲೆಕ್ಕ. ನಿಮ್ಮದು ಉದ್ದವಿದ್ದರೆ ಅಂಕಿ ಅದೇ ಪ್ರಮಾಣದಲ್ಲಿ ಕಡಿಮೆ.

ಅಂಕಿ ಕಡಿಮೆ ಬಂದರೆ ಶಿಮ್ ತೆಗೆಯಬೇಕು, ಹೆಚ್ಚು ಬಂದರೆ ಸೇರಿಸಬೇಕು. ಶಿಮ್ ತೆಗೆದಷ್ಟೂ ಕ್ಯಾಪ್ ಒಳಗೆ ಹೋಗಿ ಕೋನನ್ನು ಕಪ್ಪಿಗೆ ಒತ್ತುತ್ತದೆ. ಮೇಲಿನಿಂದ 0.005 ತೆಗೆದರೆ ಮುಂದಿನ ಸಲ ಕೆಳಗಿನಿಂದ 0.005. ಕೊನೆಯಲ್ಲಿ ಎರಡೂ ಕಡೆಯ ಮೊತ್ತದಲ್ಲಿ ಒಂದು ತೆಳು ಶಿಮ್‌ನಷ್ಟು ವ್ಯತ್ಯಾಸ ಉಳಿದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಿರಬಾರದು. ಎಲ್ಲ ಶಿಮ್ ಮೇಲಿನಿಂದಲೇ ತೆಗೆದು ಬಿಗಿ ಬರಿಸುವುದು ಸುಲಭ, ಯಾಕೆಂದರೆ ಕೆಳಗೆ ಮಲಗಬೇಕಾಗಿಲ್ಲ. ಹಾಗೆ ಮಾಡಿದ ಗಾಡಿಗಳಲ್ಲಿ ನಕಲ್ ಒಂದೆಡೆಗೆ ಸರಿದು ಸ್ಪಿಂಡಲ್ ಆಕ್ಸಲ್ ಶಾಫ್ಟಿನ ನಡುಗೆರೆಗೆ ಕೂರುವುದಿಲ್ಲ. ಆಗ ಶಾಫ್ಟ್ ಸ್ಪಿಂಡಲ್ ಬುಷ್‌ನ ಒಂದೇ ಬದಿ ಉಜ್ಜುತ್ತದೆ, ಬುಷ್ ಮೊಟ್ಟೆಯಾಕಾರಕ್ಕೆ ತಿರುಗಿ ಅಲ್ಲಿಂದ ಗ್ರೀಸ್ ಬ್ರೇಕಿಗೆ ಇಳಿಯುತ್ತದೆ. ಹೊಸ ಬುಷ್ ಹಾಕಿದರೂ ಮತ್ತೆ ಮತ್ತೆ ಹೋಗುತ್ತಿದೆ ಅನ್ನುವವರು ಶಿಮ್ ಎಣಿಸಿ ನೋಡಿ.

ಬಿಗಿ ಹೆಚ್ಚಾದರೆ ಒಳ್ಳೆಯದಲ್ಲವೇ ಅನ್ನುವ ಪ್ರಶ್ನೆ ಬರುತ್ತದೆ. 4–5 ಕೆ.ಜಿ. ಬಂದರೆ ನಡುಕ ಖಂಡಿತ ಇರುವುದಿಲ್ಲ, ಆದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ಮರಳುವುದಿಲ್ಲ, ಘಾಟಿಯಲ್ಲಿ ಪ್ರತಿ ತಿರುವಿಗೂ ಕೈಯಿಂದಲೇ ಎಳೆದು ತರಬೇಕು, ಬೇರಿಂಗೂ ಬೇಗ ಸಾಯುತ್ತದೆ.

ಅಳತೆ ಸರಿ ಬಂದ ಮೇಲೆ ಸೀಲ್ ಹಾಕಿ. ಸೀಳಿರುವ ಸೀಲಾದರೆ ಸೀಳು ಮೇಲ್ಗಡೆ ಬರಲಿ. ಶಾಫ್ಟ್ ತಳ್ಳುವ ಮುಂಚೆ ಒಳಸೀಲಿಗೆ ಎಣ್ಣೆ ಹಚ್ಚಿ, ಸ್ಪ್ಲೈನ್ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಒಳಗೆ ನಡೆಸಿ, ಸ್ಪ್ಲೈನ್ ಸೀಲ್ ದಾಟಿದ ಮೇಲೆ ಪ್ಲಾಸ್ಟಿಕ್ ಎಳೆದುಬಿಡಿ.

ನಕಲ್ ಒಳಗೆ ಏನು ತುಂಬಬೇಕು? ವೀಲ್ ಬೇರಿಂಗಿನ ಗಟ್ಟಿ ಗ್ರೀಸ್ ಬೇಡ. ಜಾಯಿಂಟ್ ತಿರುಗಿದಾಗ ಅದು ಗೋಡೆಗೆ ಎರಚಿಕೊಂಡು ಅಲ್ಲೇ ಅಂಟುತ್ತದೆ, ಮರಳಿ ಹರಿದು ಬರುವುದಿಲ್ಲ. ಗ್ರೀಸ್ ತುಂಬಿದ್ದರೂ ಜಾಯಿಂಟ್ ಒಣಗುತ್ತದೆ. 90 ನಂಬರ್ ಗೇರ್ ಎಣ್ಣೆ ತೀರಾ ತೆಳು, ಹಳೆಯ ಗುಂಡಿನಲ್ಲಿ ನಿಲ್ಲುವುದಿಲ್ಲ. ಇಪಿ-0 ದರ್ಜೆಯ ಮೆತ್ತನೆಯ ಗ್ರೀಸ್ ಇದಕ್ಕೆ ಸರಿಯಾದ ಹದ. ಬಕೆಟ್ಟಿನಲ್ಲಿ ಸಿಗುತ್ತದೆ, ಹೊಸ ಜೇನುತುಪ್ಪದ ಹಾಗೆ ನಿಧಾನಕ್ಕೆ ಹರಿಯುತ್ತದೆ. ನಕಲ್ ಮೇಲಿರುವ ಪ್ಲಗ್ ಮಟ್ಟಕ್ಕೆ ತುಂಬಿ. ಫ್ರೀ ವೀಲ್ ಹಬ್ ಇದ್ದವರು ತಿಂಗಳಿಗೊಮ್ಮೆಯಾದರೂ ಹಬ್ ಲಾಕ್ ಮಾಡಿ, ಟ್ರಾನ್ಸ್‌ಫರ್ ಕೇಸ್ ಟೂ ವೀಲ್‌ನಲ್ಲೇ ಇಟ್ಟು ಏಳೆಂಟು ಕಿ.ಮೀ. ಓಡಿಸಬೇಕು. ತಿರುಗದ ಜಾಯಿಂಟಿನ ಮೇಲ್ಭಾಗಕ್ಕೆ ಗ್ರೀಸ್ ತಲುಪುವುದಿಲ್ಲ, ಅಲ್ಲೇ ತುಕ್ಕು ಹತ್ತುತ್ತದೆ.

ವೀಲ್ ಬೇರಿಂಗ್ ಬಿಗಿ ಸರಳ. ಚಕ್ರ ತಿರುಗಿಸುತ್ತಾ ಅಡ್ಜಸ್ಟಿಂಗ್ ನಟ್ಟನ್ನು ಚಕ್ರ ಹಿಡಿದುಕೊಳ್ಳುವ ತನಕ ಬಿಗಿ ಮಾಡಿ, ಆಮೇಲೆ ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ಬಿಡಿ. ಷಟ್ಕೋನದ ನಟ್ಟಾದ್ದರಿಂದ ಒಂದು ಮೂಲೆ ಸರಿದರೆ ಅಷ್ಟೇ ಆಯಿತು. ವಾಷರ್, ಲಾಕ್ ನಟ್ಟು ಬಿಗಿ ಮಾಡಿ ವಾಷರ್ ಅಂಚು ಬಗ್ಗಿಸಿ. ಲಾಕ್ ನಟ್ಟು ಬಿಗಿಯಾದಾಗ ಬೇರಿಂಗ್ ಬಿಗಿಯೂ ಸ್ವಲ್ಪ ಬದಲಾಗುತ್ತದೆ, ಇನ್ನೊಮ್ಮೆ ಅಲ್ಲಾಡಿಸಿ ನೋಡಿ.

ಟೋ ಇನ್ ಮತ್ತು ಕ್ಯಾಸ್ಟರ್

ಮುಂದಿನ ಎರಡು ಚಕ್ರಗಳ ಮುಂತುದಿ ತುಸು ಒಳಕ್ಕೆ ತಿರುಗಿರುವುದೇ ಟೋ ಇನ್, ಅದನ್ನು ಅಳೆಯಲು ಯಂತ್ರ ಬೇಡ. ಚಕ್ರ ಮೇಲೆತ್ತಿ ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಹಚ್ಚಿ, ಅದರ ಮೇಲೆ ಮೊಳೆಯಿಂದ ಸುತ್ತಲೂ ತೆಳ್ಳನೆಯ ಗೀರು ಎಳೆಯಿರಿ. ಎರಡೂ ಚಕ್ರಕ್ಕೆ ಹೀಗೆ ಮಾಡಿ ಗಾಡಿ ಇಳಿಸಿ, ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿ. ಆಕ್ಸಲ್ ಎತ್ತರದಲ್ಲಿ ಮುಂದುಗಡೆ ಗೀರಿನಿಂದ ಗೀರಿಗೆ, ಹಿಂದುಗಡೆ ಗೀರಿನಿಂದ ಗೀರಿಗೆ ಅಳೆಯಿರಿ. ಮುಂದಿನದು 1.2ರಿಂದ 2.4 ಮಿ.ಮೀ. ಕಡಿಮೆ ಇರಬೇಕು. ಬೆಲ್ ಕ್ರ್ಯಾಂಕ್ ಗಾಡಿಯಲ್ಲಿ ಎರಡು ಟೈ ರಾಡ್ ಇರುವುದರಿಂದ ಮೊದಲು ಬೆಲ್ ಕ್ರ್ಯಾಂಕನ್ನು ನೇರ ದಾರಿಯ ಸ್ಥಾನಕ್ಕೆ ತಂದು ಕಟ್ಟಿ. ಆಮೇಲೆ ಹಿಂದಿನ ಟೈರಿನ ಹೊರಮೈಗೆ ತಾಗಿಸಿ ಮುಂದಕ್ಕೆ ದಾರ ಎಳೆದು, ಒಂದೊಂದೇ ಚಕ್ರವನ್ನು ಅದರ ರಾಡಿನಿಂದ ನೇರ ಮಾಡಿ. ಒಂದೇ ರಾಡಿನಲ್ಲಿ ಎಲ್ಲ ಸರಿಪಡಿಸಿದರೆ ಅಂಕಿ ಸರಿ ಬರುತ್ತದೆ, ಆದರೆ ಒಂದು ಬದಿಗೆ ಹೆಚ್ಚು ತಿರುಗುವ ಇನ್ನೊಂದು ಬದಿಗೆ ಕಡಿಮೆ ತಿರುಗುವ ಗಾಡಿಯಾಗುತ್ತದೆ.

ತಿರುವು ಸಾಲದು ಎಂದು ನಕಲ್ ಹಿಂದಿನ ಸ್ಟಾಪ್ ಬೋಲ್ಟನ್ನು ಒಳಗೆ ತಿರುಗಿಸುವವರಿದ್ದಾರೆ. ಆ ಬೋಲ್ಟು ಜಾಯಿಂಟನ್ನು ಕಾಯಲು ಇದೆ. ಫೋರ್ ವೀಲ್ ಹಾಕಿ ಕೆಸರಿನಲ್ಲಿ ಪೂರ್ತಿ ತಿರುಗಿಸಿ ಎಕ್ಸಲರೇಟರ್ ಒತ್ತಿದಾಗ ಜಾಯಿಂಟ್ ಮುರಿಯುವುದು ಹೀಗೇ.

ಕ್ಯಾಸ್ಟರ್ ವಿಷಯ ಮಾಡಿಫಿಕೇಶನ್ ಮಾಡುವವರು ಓದಲೇಬೇಕು. ಕಿಂಗ್ ಪಿನ್ನುಗಳ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ ಅದು, ಈ ಆಕ್ಸಲ್‌ಗೆ 3 ಡಿಗ್ರಿ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಕೋನದಿಂದ. ಮುಂದಿನ ಪ್ಲೇಟುಗಳ ಶ್ಯಾಕಲ್ ಮುಂತುದಿಯಲ್ಲಿರುವ ಗಾಡಿಗೆ ಎತ್ತರ ಬರಲಿ ಎಂದು 50 ಮಿ.ಮೀ. ಉದ್ದದ ಶ್ಯಾಕಲ್ ಹಾಕಿದಿರಿ ಅಂದುಕೊಳ್ಳಿ. ಕಣ್ಣಿಂದ ಕಣ್ಣಿಗೆ 920 ಮಿ.ಮೀ. ಇರುವ ಪ್ಲೇಟಿನ ಮುಂತುದಿ 50 ಮಿ.ಮೀ. ಕೆಳಗಿಳಿದರೆ ಪ್ಲೇಟು ಸುಮಾರು 3 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಆಕ್ಸಲ್ ಅದರ ಜೊತೆ ಬಾಗುತ್ತದೆ. ಗಾಡಿಯ ಮೂತಿ ಎತ್ತರವಾದ್ದರಿಂದ ಅರ್ಧ ಮುಕ್ಕಾಲು ಡಿಗ್ರಿ ಮರಳಿ ಸಿಕ್ಕರೂ, ಇದ್ದ 3ರಲ್ಲಿ ಎರಡಕ್ಕಿಂತ ಹೆಚ್ಚು ಹೋಯಿತು. ಮರುದಿನದಿಂದ ಗಾಡಿ ದಾರಿಯಲ್ಲಿ ಅಲೆಯುತ್ತದೆ, ಗುಂಡಿಗೆ ನಡುಗುತ್ತದೆ. ಎತ್ತರ ಬೇಕಿದ್ದರೆ ಪ್ಲೇಟಿನ ಕಮಾನು ಹೆಚ್ಚಿಸಿ, ಶ್ಯಾಕಲ್ ಉದ್ದ ಮಾಡಬೇಡಿ.

ಕಳೆದ ಕ್ಯಾಸ್ಟರ್ ಮರಳಿಸಲು ಪ್ಲೇಟು ಮತ್ತು ಆಕ್ಸಲ್ ಪ್ಯಾಡ್ ನಡುವೆ ಬೆಣೆಯಾಕಾರದ ಉಕ್ಕಿನ ಪಟ್ಟಿ ಇಡುತ್ತಾರೆ. ಅದರ ದಪ್ಪ ಬದಿ ಎತ್ತ ಇರಬೇಕು ಅನ್ನುವುದರಲ್ಲೇ ತಪ್ಪುತ್ತದೆ. ಮೂಲ ವಿನ್ಯಾಸದಲ್ಲಿ ಆಕ್ಸಲ್ ಪ್ಲೇಟಿನ ಮೇಲೆ ಕೂತಿದೆ, ಅಲ್ಲಿ ದಪ್ಪ ಬದಿ ಮುಂದಕ್ಕೆ. ಎತ್ತರಕ್ಕಾಗಿ ಆಕ್ಸಲನ್ನು ಪ್ಲೇಟಿನ ಕೆಳಗೆ ತಂದ ಗಾಡಿಯಲ್ಲಿ ದಪ್ಪ ಬದಿ ಹಿಂದಕ್ಕೆ. ಎರಡರಲ್ಲೂ ಉದ್ದೇಶ ಒಂದೇ, ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಬೇಕು. ವಾಲಿದಷ್ಟೂ ಪಿನಿಯನ್ ಮೂತಿ ಕೆಳಗಿಳಿದು ಮುಂದಿನ ಪ್ರೊಪೆಲರ್ ಶಾಫ್ಟಿನ ಕೋನ ಕೆಡುತ್ತದೆ, ಹಾಗಾಗಿ 2–3 ಡಿಗ್ರಿಗಿಂತ ಹೆಚ್ಚಿನ ಬೆಣೆ ಬೇಡ. ಅಲ್ಯೂಮಿನಿಯಂ ಬೆಣೆ ಜಜ್ಜಿಹೋಗುತ್ತದೆ, ಉಕ್ಕಿನದೇ ಬೇಕು; ಸೆಂಟರ್ ಬೋಲ್ಟ್ ಅದರ ತೂತಿನೊಳಗೆ ಹಾದು ಬರಬೇಕು.

ಅಗಲ ಟೈರು, ಹೊರಕ್ಕೆ ಚಾಚಿದ ರಿಮ್ ಹಾಕಿದರೂ ಇದೇ ಕಥೆ. ಟೈರಿನ ನಡುಗೆರೆ ಕಿಂಗ್ ಪಿನ್ನಿನಿಂದ ದೂರ ಸರಿದಷ್ಟೂ ಪ್ರತಿ ಕಲ್ಲಿನ ಏಟೂ ಉದ್ದ ಸನ್ನೆಕೋಲಿನಂತೆ ಪಿನ್ನನ್ನು ತಿರುಚುತ್ತದೆ. ಇನ್ನು ಮುಂದೆ ಹಿಂದೆ ಬೇರೆ ಬೇರೆ ಸುತ್ತಳತೆಯ ಟೈರು ಹಾಕಿ ಗಟ್ಟಿ ನೆಲದಲ್ಲಿ ಫೋರ್ ವೀಲ್ ಓಡಿಸಬಾರದು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲ, ವ್ಯತ್ಯಾಸವೆಲ್ಲ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಕಾಗದಪತ್ರದ ಕಡೆಯೂ ಗಮನ ಇರಲಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿನ್ಯಾಸಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ.

ನನ್ನ ಪ್ರಕಾರ ಮಲೆನಾಡಿನ ಜೀಪಿಗೆ ಮಾಡಿಸಲೇಬೇಕಾದ ಮಾಡಿಫಿಕೇಶನ್ ಒಂದೇ, ಅದೂ ಬಹಳ ಅಗ್ಗದ್ದು: ಆಕ್ಸಲ್ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ತೂತು, ಎತ್ತರಿಸುವುದು. ಹೌಸಿಂಗ್ ಮೇಲಿನ ಸಣ್ಣ ಬ್ರೀದರ್ ಕೆಸರು ಕಟ್ಟಿ ಮುಚ್ಚಿಹೋಗಿರುತ್ತದೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಸೀಲುಗಳ ಮೂಲಕವೇ ನೀರು ಎಳೆದುಕೊಳ್ಳುತ್ತದೆ. ಹಳೆ ಬ್ರೀದರ್ ತೆಗೆದು, ಅದೇ ಮರೆಗೆ ನಿಪ್ಪಲ್ ಕೂರಿಸಿ, 8 ಮಿ.ಮೀ. ಡೀಸೆಲ್ ಹೋಸನ್ನು ಬಾನೆಟ್ ಒಳಗಿನ ಗೋಡೆಯ ಎತ್ತರಕ್ಕೆ ಒಯ್ಯಿರಿ, ತುದಿಗೆ ಸಣ್ಣ ಇಂಧನ ಫಿಲ್ಟರ್. ಪ್ಲೇಟು ಪೂರ್ತಿ ಇಳಿದಾಗ ಹೋಸ್ ಎಳೆಯದಷ್ಟು ಸಡಿಲ ಬಿಡಿ, ನಡುವೆ ಎಲ್ಲೂ ಜೋತುಬೀಳದ ಹಾಗೆ ಕಟ್ಟಿ, ಜೋತ ಜಾಗದಲ್ಲಿ ನೀರು ನಿಂತು ಮತ್ತೆ ಮುಚ್ಚುತ್ತದೆ.

ಎಲ್ಲ ಕಟ್ಟಿ ಮುಗಿದ ಮೇಲೆ ಡ್ಯಾಂಪರ್ ಇಲ್ಲದೆಯೇ ಓಡಿಸಿ ನೋಡಿ. ನಡುಕ ಇಲ್ಲ ಅಂತ ಖಾತ್ರಿಯಾದರೆ ಬೇಕಿದ್ದವರು ಆಗ ಹಾಕಿಕೊಳ್ಳಬಹುದು, ದೊಡ್ಡ ಕಲ್ಲಿನ ಏಟು ಕೈಗೆ ಕಡಿಮೆ ತಾಗುತ್ತದೆ. 200 ಕಿ.ಮೀ. ಆದ ಮೇಲೆ ಕ್ಯಾಪ್ ಬೋಲ್ಟು, ಯು ಬೋಲ್ಟು, ಹಬ್ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ಸಾವಿರ ಕಿ.ಮೀ. ಹೊತ್ತಿಗೆ ಹೊಸ ಬೇರಿಂಗ್ ಸ್ವಲ್ಪ ಕೂತಿರುತ್ತದೆ. ಆಗ ಬ್ರೇಕ್ ಒತ್ತಿ ಹಿಡಿದು ಚಕ್ರ ಅಲ್ಲಾಡಿಸುವ ಅದೇ ಪರೀಕ್ಷೆ ಮಾಡಿ. ಕೂದಲೆಳೆಯಷ್ಟು ಆಟ ಕಂಡರೂ ಎರಡೂ ಕ್ಯಾಪ್‌ನಿಂದ 0.003ರ ಒಂದೊಂದು ಶಿಮ್ ತೆಗೆದರೆ ಸಾಕು. ಇದಕ್ಕೆ ಚಕ್ರ, ಹಬ್ ಯಾವುದನ್ನೂ ಬಿಚ್ಚಬೇಕಾಗಿಲ್ಲ, ಶಿಮ್ ಹೊರಬರುವಷ್ಟು ಕ್ಯಾಪ್ ಎತ್ತಿದರೆ ಆಯಿತು.